ಎಲ್ಲರೂ ಚೆಂದವಾದರೆ ತೊಂದರೆ ಏನು?

ಪ್ರಶ್ನೆ: ನಾವು ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನೆಲೆಸಿರುವ ಕುಟುಂಬ. ಹತ್ತನೆಯ ತರಗತಿಯಲ್ಲಿರುವ ಮಗಳು ಗೆಳತಿಯಿಂದ ಸ್ಕಾಟ್ ವೆಸ್ಟರ್‌ಫೆಲ್ಡ್ ಅವರ ‘ಅಗ್ಲೀಸ್’ ಎಂಬ ಇಂಗ್ಲಿಷ್ ಕಾದಂಬರಿ ತಂದು ಓದಿದಳು. ಅದರಲ್ಲಿ ಹದಿನಾರು ತುಂಬಿದ ಪ್ರತಿಯೊಬ್ಬರಿಗೂ ಆಳುವವರೇ ಶಸ್ತ್ರಚಿಕಿತ್ಸೆ ಮಾಡಿಸಿ ಚೆಂದದ ಮುಖ ಕೊಡುತ್ತಾರಂತೆ. ಓದಿ ಮುಗಿಸಿದವಳು, “ಎಲ್ಲರಿಗೂ ಪುಕ್ಕಟೆಯಾಗಿ ಚೆಂದ ಸಿಗುವುದಾದರೆ ತಪ್ಪೇನು? ಆಮೇಲೆ ಯಾರೂ ಯಾರನ್ನೂ ಕಪ್ಪು, ಡುಮ್ಮಿ ಎಂದು ಹಂಗಿಸುವ ಹಾಗೇ ಇರುವುದಿಲ್ಲವಲ್ಲ” ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಇಂಥ ಪುಸ್ತಕಗಳು ಈ ವಯಸ್ಸಿನವರಿಗೆ ತಕ್ಕವೇ? ಅವಳಿಗೆ ಏನು ಹೇಳಲಿ? ಕನ್ನಡದಲ್ಲಿ ಈ ಬಗೆಯದು ಏನಾದರೂ ಇದೆಯೇ?

ಉತ್ತರ: ನಿಮ್ಮ ಮಗಳು ಕಾದಂಬರಿಯನ್ನು ತಪ್ಪಾಗಿ ಓದಿಲ್ಲ ಎಂಬುದನ್ನು ಮೊದಲಿಗೇ ಹೇಳಿಬಿಡುತ್ತೇನೆ. “ನಿಜವಾದ ಚೆಲುವು ಮನಸ್ಸಿನಲ್ಲಿರುತ್ತದೆ” ಎಂಬ ಸಿದ್ಧ ಉತ್ತರ ಕೊಟ್ಟು ಮಾತು ಮುಗಿಸಲು ಹೋಗಬೇಡಿ. ಅದನ್ನು ಅವಳು ಶಾಲೆಯ ಭಾಷಣ ಸ್ಪರ್ಧೆಗಳಲ್ಲಿ ಬೇಕಾದಷ್ಟು ಕೇಳಿರುತ್ತಾಳೆ. ಆ ಮಾತನ್ನು ಆಡುವ ದೊಡ್ಡವರೇ ಮದುವೆಮನೆಯಲ್ಲಿ ಮೊದಲು ಏನನ್ನು ನೋಡುತ್ತಾರೆ ಎಂಬುದನ್ನೂ ಕಂಡಿರುತ್ತಾಳೆ. ಅವಳು ಕೇಳಿದ್ದು ಕಾದಂಬರಿ ಕೇಳಿಸಬೇಕೆಂದಿದ್ದ ಪ್ರಶ್ನೆಯನ್ನೇ. ಆಳುವವರು ಮುಂದಿಟ್ಟ ಕೊಡುಗೆ ಮೇಲ್ನೋಟಕ್ಕೇ ಮೂರ್ಖತನದ್ದಾಗಿದ್ದರೆ ಅದನ್ನು ಒಪ್ಪಿಕೊಂಡ ಸಮಾಜದ ಕಥೆ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಈ ಪ್ರಕಾರದ ಒಳ್ಳೆಯ ಪುಸ್ತಕಗಳಲ್ಲಿ ಆಮಿಷ ನಿಜವಾದ ಆಮಿಷವಾಗಿಯೇ ಇರುತ್ತದೆ.

2005ರಲ್ಲಿ ಬಂದ ‘ಅಗ್ಲೀಸ್’ ಆ ಆಮಿಷವನ್ನು ಕಟ್ಟಿಕೊಡುವ ಬಗೆಯನ್ನು ಗಮನಿಸಿ. ನಮ್ಮ ಕಾಲ ಅಳಿದು ನೂರಾರು ವರ್ಷಗಳಾಗಿವೆ. ನಮ್ಮನ್ನು ಅಲ್ಲಿಯವರು ‘ರಸ್ಟೀಸ್’ ಎನ್ನುತ್ತಾರೆ: ಮೈಬಣ್ಣಕ್ಕಾಗಿ ಒಬ್ಬರನ್ನೊಬ್ಬರು ಕೊಂದವರು, ತೆಳ್ಳಗಾಗಲು ಉಪವಾಸ ಬಿದ್ದು ಸತ್ತವರು, ಕಾಡನ್ನು ಕಡಿದು ಕಬ್ಬಿಣದ ಅವಶೇಷ ಬಿಟ್ಟುಹೋದವರು. ಚೆಂದದವರಿಗೆ ಕೆಲಸ, ಓಟು, ಪ್ರೀತಿ ಎಲ್ಲವೂ ಸುಲಭವಾಗಿ ಸಿಗುತ್ತಿತ್ತು, ಉಳಿದವರಿಗೆ ಸಿಗುತ್ತಿರಲಿಲ್ಲ; ಆದ್ದರಿಂದ ಎಲ್ಲರನ್ನೂ ಒಂದೇ ಮಟ್ಟಕ್ಕೆ ತಂದೆವು ಎಂಬುದು ಅಲ್ಲಿನ ಶಾಲೆಯ ಪಾಠ. ಈ ಪಾಠದಲ್ಲಿ ಸುಳ್ಳಿರುವುದು ಕಡಿಮೆ. ನಮ್ಮನ್ನು ಕುರಿತ ಆರೋಪಪಟ್ಟಿಯನ್ನು ಓದಿದ ಯಾವ ಮಗುವೂ “ಇದು ನಿಜವಲ್ಲ” ಎಂದು ಹೇಳಲಾರದು, ಅದರಲ್ಲೂ ತರಗತಿಯಲ್ಲಿ ಬಣ್ಣಕ್ಕಾಗಿ ಅಡ್ಡಹೆಸರು ಪಡೆದ ಮಗು.

ಯಾವ ಮುಖ ಚೆಂದ ಎಂಬುದನ್ನು ಆ ಲೋಕದಲ್ಲಿ ಒಂದು ಸಮಿತಿ ನಿರ್ಧರಿಸುತ್ತದೆ. ದೊಡ್ಡ ಕಣ್ಣು, ತುಂಬಿದ ತುಟಿ, ಕಲೆಯಿಲ್ಲದ ಚರ್ಮ, ಎಡಬಲಗಳ ಹೊಂದಿಕೆ. ಇವನ್ನು ಮನುಷ್ಯನ ಮಿದುಳು ಲಕ್ಷಾಂತರ ವರ್ಷಗಳ ವಿಕಾಸದಿಂದ ಇಷ್ಟಪಡುತ್ತದೆ ಎಂಬುದು ಸಮಿತಿಯ ವಾದ. ಇದನ್ನೂ ಲೇಖಕರು ಗಾಳಿಯಿಂದ ಹಿಡಿದದ್ದಲ್ಲ. 1870ರ ದಶಕದಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಅಪರಾಧಿಗಳ ಮುಖಲಕ್ಷಣ ಎಂಬುದೊಂದಿದೆಯೇ ಎಂದು ತಿಳಿಯಲು ಹಲವು ಕೈದಿಗಳ ಭಾವಚಿತ್ರಗಳನ್ನು ಒಂದರ ಮೇಲೊಂದು ಮೂಡಿಸಿದಾಗ, ಬಂದ ಮಿಶ್ರಮುಖ ಪ್ರತಿಯೊಬ್ಬ ಕೈದಿಗಿಂತಲೂ ನೋಡಲು ಚೆನ್ನಾಗಿತ್ತು. 1990ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞೆಯರಾದ ಜುಡಿತ್ ಲ್ಯಾಂಗ್ಲಾಯ್ಸ್ ಮತ್ತು ಲೋರಿ ರಾಗ್ಮನ್ ಇದನ್ನು ಕಂಪ್ಯೂಟರ್‌ನಲ್ಲಿ ಮಾಡಿ ನೋಡಿದರು. ಹೆಚ್ಚು ಮುಖಗಳನ್ನು ಬೆರೆಸಿ ಸರಾಸರಿ ತೆಗೆದಷ್ಟೂ ಆ ಮುಖ ಹೆಚ್ಚು ಆಕರ್ಷಕವೆಂದು ನೋಡಿದವರು ಅಂಕ ಕೊಟ್ಟರು. ಆದರೆ ಸರಾಸರಿ ಮುಖ ಕಣ್ಣಿಗೆ ಹಿತವಾಗಿ ಕಾಣುತ್ತದೆ ಎಂಬುದು ಒಂದು ಸಂಗತಿ. ಆದ್ದರಿಂದ ನಿನ್ನ ಮುಖ ಸರಾಸರಿಯಾಗಬೇಕು ಎಂಬುದು ಅಪ್ಪಣೆ. ಸಂಗತಿಯಿಂದ ಅಪ್ಪಣೆಗೆ ಯಾರಿಗೂ ಕಾಣದ ಹಾಗೆ ದಾಟುವುದೇ ಆ ಸಮಿತಿಯ ಕಸುಬು, ಮತ್ತು ನಿಮ್ಮ ಮಗಳಿಗೆ ಈ ದಾಟುವಿಕೆಯನ್ನು ತೋರಿಸಿಕೊಡುವುದು ಕಷ್ಟವಲ್ಲ.

ಅದಕ್ಕೆ ಕಾದಂಬರಿಯ ಒಂದು ಸನ್ನಿವೇಶ ಸಾಕು. ನಾಯಕಿ ಟ್ಯಾಲಿ ಮತ್ತು ಗೆಳತಿ ಶೇ ಹಾಸ್ಟೆಲಿನ ಕೋಣೆಯಲ್ಲಿ ಕುಳಿತು ತಮ್ಮ ಮುಂದಿನ ಮುಖಗಳ ಚಿತ್ರ ಮಾಡುತ್ತಾರೆ. ಗೋಡೆಯ ಪರದೆ ಮುಖವನ್ನು ಅಳೆದುಕೊಂಡು, ನಡುವೆ ಸೀಳಿ, ಎಡ ಅರ್ಧವನ್ನೇ ಎರಡು ಬಾರಿ ಜೋಡಿಸಿ ಒಂದು ಮುಖ, ಬಲ ಅರ್ಧವನ್ನು ಎರಡು ಬಾರಿ ಜೋಡಿಸಿ ಇನ್ನೊಂದು ಮುಖ ತೋರಿಸುತ್ತದೆ. ಯಾವುದು ಹೆಚ್ಚು ಚೆಂದವೋ ಅದನ್ನು ಆರಿಸಿ, ಕಣ್ಣು ಹಿಗ್ಗಿಸಿ, ಕೆನ್ನೆಯ ಮೂಳೆ ಏರಿಸಿ ತಿದ್ದುತ್ತ ಹೋಗಬೇಕು. ಟ್ಯಾಲಿಗೆ ಇದು ಬಾಲ್ಯದಿಂದ ಬಂದ ಆಟ. ಶೇಗೆ ಮಾತ್ರ ಪರದೆಯ ಮೇಲೆ ಬಂದವಳು ತಾನಲ್ಲ ಎನಿಸುತ್ತದೆ. ತನ್ನ ಈಗಿನ ಮುಖವನ್ನು ಕುರೂಪವೆಂದು ಕರೆದುಕೊಳ್ಳಲು ಅವಳು ಒಪ್ಪುವುದಿಲ್ಲ. ಇಬ್ಬರ ನಡುವೆ ಮುನಿಸು ಬರುತ್ತದೆ. ಇಲ್ಲಿ ಪೊಲೀಸರಿಲ್ಲ, ಬೆದರಿಕೆಯಿಲ್ಲ, ಇಬ್ಬರು ಹುಡುಗಿಯರು ಮತ್ತು ಒಂದು ಆಟ. ಇಂದು ಲೋಕಲ್ ರೈಲಿನ ಮಹಿಳಾ ಡಬ್ಬಿಯಲ್ಲಿ ಠಾಣೆ ಬರುವ ಮೊದಲೇ ಎಷ್ಟು ಹುಡುಗಿಯರು ಫೋನಿನ ಫಿಲ್ಟರ್‌ನಲ್ಲಿ ಇದೇ ಕೆಲಸ ಮುಗಿಸಿರುತ್ತಾರೆ ಎಂಬುದನ್ನು ನಿಮ್ಮ ಮಗಳೇ ನಿಮಗೆ ಹೇಳಬಲ್ಲಳು. ಪುಸ್ತಕ ಬಂದಾಗ ಇಂಥ ಫಿಲ್ಟರ್‌ಗಳು ಯಾರ ಕೈಯಲ್ಲೂ ಇರಲಿಲ್ಲ.

ಇನ್ನೊಂದು ಭಾಗವನ್ನು ಹೆಚ್ಚಿನ ಓದುಗರು ಕಥೆ ಓಡುವ ಭರದಲ್ಲಿ ದಾಟಿಬಿಡುತ್ತಾರೆ. ಶಸ್ತ್ರಚಿಕಿತ್ಸೆ ಬೇಡವೆಂದು ಓಡಿಬಂದವರು ಕಾಡಿನಲ್ಲಿ ಅಡಗಿರುವ ‘ಸ್ಮೋಕ್’ ಎಂಬ ನೆಲೆಯನ್ನು ಹುಡುಕಿಕೊಂಡು ಹೋಗುವ ಟ್ಯಾಲಿ ಬಿಳಿಯ ಆರ್ಕಿಡ್‌ಗಳ ಬಯಲೊಂದಕ್ಕೆ ಬರುತ್ತಾಳೆ. ಕಣ್ಣು ಹೋದಷ್ಟು ದೂರವೂ ಹೂವೇ. ಅಷ್ಟು ಚೆಂದದ ನೋಟವನ್ನು ಅವಳು ಕಂಡಿರುವುದಿಲ್ಲ. ಆಮೇಲೆ ಅಲ್ಲಿನ ಅರಣ್ಯ ಕಾವಲುಗಾರರಿಂದ ಅವಳಿಗೆ ವಿಷಯ ತಿಳಿಯುತ್ತದೆ. ಅದು ಒಂದು ಕಾಲಕ್ಕೆ ಅತಿ ಅಪರೂಪದ ಹೂವು. ಯಾರೋ ಅದರ ವಂಶವಾಹಿಗಳನ್ನು ತಿದ್ದಿ ಎಲ್ಲೆಂದರಲ್ಲಿ ಬೆಳೆಯುವ ಹಾಗೆ ಮಾಡಿದರು. ಈಗ ಅದು ಬೇರೆ ಗಿಡಮರಗಳನ್ನೆಲ್ಲ ಉಸಿರುಗಟ್ಟಿಸಿ ಕೊಲ್ಲುತ್ತದೆ. ಮರಗಳು ಹೋದ ಮೇಲೆ ಅದಕ್ಕೆ ಪರಾಗ ಒಯ್ಯುವ ಹಕ್ಕಿಗಳಿಗೆ ಗೂಡು ಕಟ್ಟಲು ಜಾಗವಿಲ್ಲ. ಹಕ್ಕಿಗಳಿಲ್ಲದೆ ಕೊನೆಗೆ ಹೂವೂ ಸಾಯುತ್ತದೆ, ಉಳಿಯುವುದು ಬರಡು ನೆಲ. ಅದಕ್ಕೇ ಅವರು ಆ ಹೂವಿಗೆ ಬೆಂಕಿ ಹಾಕುತ್ತ ತಿರುಗುತ್ತಾರೆ. ಮುಂಬಯಿಯವರಿಗೆ ಇದು ದೂರದ ಮಾತಲ್ಲ: ಪವಯಿ ಕೆರೆಯನ್ನು ಮುಚ್ಚುವ ಜಲಪರ್ಣಿಯೂ (ವಾಟರ್ ಹಯಸಿಂತ್) ಅದರ ನೇರಳೆ ಹೂವಿನ ಚೆಲುವಿಗಾಗಿಯೇ ದಕ್ಷಿಣ ಅಮೆರಿಕದಿಂದ ಲೋಕವೆಲ್ಲ ಹಬ್ಬಿದ ಗಿಡ. ಒಂದು ಭಾನುವಾರ ಮಗಳನ್ನು ಕರೆದುಕೊಂಡು ಹೋಗಿ ತೋರಿಸಿದರೆ ಆ ಅಧ್ಯಾಯ ಅವಳಿಗೆ ಮರೆಯುವುದಿಲ್ಲ. ಇಡೀ ಪುಸ್ತಕದಲ್ಲಿ ವಾದವನ್ನು ಇಷ್ಟು ಸ್ವಚ್ಛವಾಗಿ ಹೇಳಿದ ಭಾಗ ಮತ್ತೊಂದಿಲ್ಲ ಎಂದು ನನಗೆ ಅನಿಸುತ್ತದೆ.

ಇದೇ ಪುಸ್ತಕದೊಡನೆ ನನಗೆ ಒಂದು ಜಗಳವೂ ಇದೆ, ಮತ್ತು ಅದು ನಿಮ್ಮ ಮಗಳ ಪ್ರಶ್ನೆಗೇ ಸಂಬಂಧಿಸಿದ್ದು. ಕಥೆಯ ನಡುವೆ ಡೇವಿಡ್ ಎಂಬ ಹುಡುಗನ ತಂದೆತಾಯಿ, ಹಿಂದೆ ಆ ಸಮಿತಿಗಾಗಿ ಕೆಲಸ ಮಾಡುತ್ತಿದ್ದ ವೈದ್ಯರು, ಒಂದು ಗುಟ್ಟು ಬಿಚ್ಚುತ್ತಾರೆ: ಮುಖ ಬದಲಿಸುವ ಹೊತ್ತಿನಲ್ಲೇ ಮಿದುಳಿನಲ್ಲಿ ಸಣ್ಣ ಗಾಯಗಳನ್ನೂ ಮಾಡಲಾಗುತ್ತದೆ, ಅದರಿಂದಲೇ ಜನ ತೃಪ್ತರೂ ವಿಧೇಯರೂ ಆಗಿ ಉಳಿಯುತ್ತಾರೆ. ಕಥೆಗೆ ಇದು ಭಾರಿ ತಿರುವು. ಆದರೆ ಅಲ್ಲಿಂದ ಮುಂದೆ ವಾದ ತೀರಾ ಸುಲಭವಾಗಿಬಿಡುತ್ತದೆ, ಏಕೆಂದರೆ ಕದ್ದು ಮಿದುಳು ಕೆಡಿಸುವುದು ತಪ್ಪು ಎಂಬುದಕ್ಕೆ ಕಾದಂಬರಿಯೇ ಬೇಕಿಲ್ಲ. ಗಾಯವೇ ಇಲ್ಲದಿದ್ದರೆ? ಬರೀ ಮುಖ ಮಾತ್ರ ಬದಲಾಗಿ, ಬುದ್ಧಿ ಇದ್ದ ಹಾಗೇ ಇದ್ದಿದ್ದರೆ? ನಿಮ್ಮ ಮಗಳು ಕೇಳಿದ್ದು ಇದನ್ನು, ಪುಸ್ತಕ ಉತ್ತರಿಸಿದ್ದು ಬೇರೆಯದನ್ನು. ಲೇಖಕರ ಪರವಾಗಿ ಇಷ್ಟು ಹೇಳಬಹುದು: ಆ ಗಾಯವನ್ನು ರೂಪಕವೆಂದು ಓದಿದರೆ, ಅಳತೆಗೋಲನ್ನು ಒಪ್ಪಿಕೊಂಡವರಲ್ಲಿ ಅದನ್ನು ಪ್ರಶ್ನಿಸುವ ಶಕ್ತಿಯೇ ಮಂಕಾಗುತ್ತದೆ ಎಂಬ ಅರ್ಥ ಹೊರಡುತ್ತದೆ, ಅದಕ್ಕೆ ಚಾಕು ಬೇಕಾಗಿಲ್ಲ. ಮೊದಲ ಭಾಗದ ಕೊನೆಗೆ, ಮಿದುಳಿನ ಗಾಯಕ್ಕೆ ಕಂಡುಹಿಡಿದ, ಇನ್ನೂ ಯಾರ ಮೇಲೂ ಪ್ರಯೋಗಿಸದ ಮದ್ದನ್ನು ಪರೀಕ್ಷಿಸಲು ಒಬ್ಬರು ಬೇಕೆಂದು ಟ್ಯಾಲಿ ತಾನಾಗಿಯೇ ಶಸ್ತ್ರಚಿಕಿತ್ಸೆಗೆ ಒಪ್ಪಿಕೊಳ್ಳುವುದು ಈ ದೌರ್ಬಲ್ಯವನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ.

ಮುಂದಿನ ಭಾಗಗಳನ್ನೂ ಅವಳು ಓದಲಿ. ‘ಪ್ರಿಟೀಸ್’ 2005ರಲ್ಲೇ, ‘ಸ್ಪೆಷಲ್ಸ್’ 2006ರಲ್ಲಿ, ‘ಎಕ್ಸ್‌ಟ್ರಾಸ್’ 2007ರಲ್ಲಿ ಬಂದವು. ಎಲ್ಲರೂ ಚೆಂದವಾದ ಮೇಲೆ ಹಂಗಿಸುವುದು ನಿಲ್ಲುತ್ತದೆ ಎಂಬ ಅವಳ ಮಾತಿಗೆ ಉತ್ತರ ಅಲ್ಲಿದೆ. ಎರಡನೆಯ ಭಾಗದಲ್ಲಿ ಮುಖದ ಜಾಗಕ್ಕೆ ಗುಂಪು ಬರುತ್ತದೆ: ಯಾವ ಕೂಟಕ್ಕೆ ಸೇರಿದ್ದೀ, ಯಾವ ಪಾರ್ಟಿಗೆ ಏನು ತೊಟ್ಟಿದ್ದೀ ಎಂಬುದೇ ಹೊಸ ಜಾತಿ. ನಾಲ್ಕನೆಯ ಭಾಗದ ಹೊತ್ತಿಗೆ ಗಾಯಗಳಿಗೆ ಮದ್ದು ಸಿಕ್ಕಿ ಜನ ಎಚ್ಚೆತ್ತಿದ್ದಾರೆ. ಜಪಾನಿನ ಒಂದು ನಗರದಲ್ಲಿ ಪ್ರತಿಯೊಬ್ಬರಿಗೂ ಎಷ್ಟು ಜನ ತಮ್ಮ ಬಗ್ಗೆ ಮಾತನಾಡುತ್ತಾರೆ ಎಂಬುದರ ಮೇಲೆ ಒಂದು ಕ್ರಮಾಂಕವಿದೆ, ಹದಿನೈದರ ಹುಡುಗಿಯೊಬ್ಬಳು ತನ್ನ ಅಂಕೆ ಮೇಲೇರಲೆಂದು ಬೇರೆಯವರ ಗುಟ್ಟುಗಳನ್ನು ಚಿತ್ರೀಕರಿಸುತ್ತಾಳೆ. ಇನ್‌ಸ್ಟಾಗ್ರಾಂ ಹುಟ್ಟುವ ಮೂರು ವರ್ಷ ಮೊದಲಿನ ಪುಸ್ತಕ ಇದು. ಒಂದು ಅಳತೆಯನ್ನು ಎಲ್ಲರಿಗೂ ಸಮ ಮಾಡಿದ ಕೂಡಲೇ ಮತ್ಸರ ಇನ್ನೊಂದು ಅಳತೆಯನ್ನು ಹುಡುಕಿಕೊಳ್ಳುತ್ತದೆ, ಮತ್ತು ಹೊಸದು ಹಳೆಯದಕ್ಕಿಂತ ಸೂಕ್ಷ್ಮವಾಗಿರುತ್ತದೆ.

ಈ ಬಗೆಯ ಕಥೆ ವೆಸ್ಟರ್‌ಫೆಲ್ಡ್ ಅವರಿಂದ ಶುರುವಾದದ್ದೇನೂ ಅಲ್ಲ. ಅಮೆರಿಕದ ಚಾರ್ಲ್ಸ್ ಬೋಮಂಟ್ 1952ರಲ್ಲಿ ಬರೆದ ಕಥೆಯೊಂದರಲ್ಲಿ ಚೆಂದದ ಮುಖ ಬೇಡವೆನ್ನುವ ಹುಡುಗಿಯನ್ನು ಸುತ್ತಲಿನವರೆಲ್ಲ ನಯವಾಗಿ, ಕಾಳಜಿಯಿಂದ, ಅವಳ ಒಳ್ಳೆಯದಕ್ಕೇ ಎಂಬಂತೆ ಒತ್ತಾಯಿಸುತ್ತಾರೆ. ಅದು 1964ರಲ್ಲಿ ‘ದ ಟ್ವಿಲೈಟ್ ಜೋನ್’ ಟೆಲಿವಿಷನ್ ಸರಣಿಯ ಕಂತಾಯಿತು. ಇಂಗ್ಲೆಂಡಿನ ಎಲ್. ಪಿ. ಹಾರ್ಟ್ಲಿ ಅವರ ‘ಫೇಶಿಯಲ್ ಜಸ್ಟಿಸ್’ (1960) ಇದನ್ನೇ ತಿರುವುಮುರುವು ಮಾಡಿದ ಪುಸ್ತಕ, ಮತ್ತು ನನ್ನ ತೀರ್ಪಿನಲ್ಲಿ ಹೆಚ್ಚು ಚುರುಕಿನದು. ಮೂರನೆಯ ಮಹಾಯುದ್ಧದ ಬಳಿಕ ಉಳಿದವರ ಸಮಾಜವದು. ಅಲ್ಲಿ ಮತ್ಸರವೇ ಮಹಾಪಾತಕ. ಹೆಂಗಸರ ಮುಖಗಳನ್ನು ಆಲ್ಫಾ, ಬೀಟಾ, ಗಾಮಾ ಎಂದು ವಿಂಗಡಿಸಿ, ಗಾಮಾಗಳನ್ನು ಬೀಟಾಕ್ಕೆ ಏರಿಸುವುದಲ್ಲದೆ, ಚೆಲುವೆಯರಾದ ಆಲ್ಫಾಗಳಿಗೂ ಕೆಳಗಿಳಿದು ಬೀಟಾ ಆಗುವಂತೆ ಒತ್ತಡ ತರುತ್ತಾರೆ. ಜೇಲ್ 97 ಎಂಬ ನಾಯಕಿ ಅಪಘಾತದ ಬಳಿಕ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಅವಳ ಒಪ್ಪಿಗೆಯಿಲ್ಲದೆ ಅವಳ ಮುಖ ಬೀಟಾ ಆಗಿರುತ್ತದೆ. ಮೇಲಕ್ಕೇರಿಸಿದರೆ ವರ, ಕೆಳಕ್ಕಿಳಿಸಿದರೆ ಅನ್ಯಾಯ ಎಂದು ನಮಗೆ ಏಕೆ ಅನಿಸುತ್ತದೆ? ಎರಡರಲ್ಲೂ ನಡೆದದ್ದು ಒಂದೇ ಅಲ್ಲವೇ? ನಿಮ್ಮ ಮಗಳಿಗೆ ಈ ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಕೇಳಿ ನೋಡಿ.

ಟೆಡ್ ಚಿಯಾಂಗ್ ಅವರ ‘ಲೈಕಿಂಗ್ ವಾಟ್ ಯೂ ಸೀ: ಎ ಡಾಕ್ಯುಮೆಂಟರಿ’ (2002) ಎಂಬ ನೀಳ್ಗತೆಯನ್ನಂತೂ ಬಿಡಬಾರದು. ತಮ್ಮ ಕಾದಂಬರಿ ಚಿಯಾಂಗ್ ಅವರೊಡನೆ ಆ ಕಥೆಯ ಬಗ್ಗೆ ನಡೆಸಿದ ಇಮೇಲ್ ಮಾತುಕತೆಯಿಂದ ರೂಪುಗೊಂಡಿತೆಂದು ವೆಸ್ಟರ್‌ಫೆಲ್ಡ್ ಪುಸ್ತಕದಲ್ಲೇ ನೆನೆದಿದ್ದಾರೆ. ಚಿಯಾಂಗ್ ಮುಖವನ್ನು ಮುಟ್ಟುವುದೇ ಇಲ್ಲ, ನೋಡುವವರ ಮಿದುಳನ್ನು ಬದಲಿಸುತ್ತಾರೆ: ಮುಖ ಕಾಣುತ್ತದೆ, ಗುರುತು ಸಿಗುತ್ತದೆ, ಆದರೆ ಅದು ಚೆಂದವೋ ಅಲ್ಲವೋ ಎಂಬ ಅನಿಸಿಕೆ ಮಾತ್ರ ಹುಟ್ಟುವುದಿಲ್ಲ. ಬೇಡವೆಂದರೆ ಯಾವಾಗಲಾದರೂ ಮೊದಲಿನಂತಾಗಬಹುದು. ಒಂದು ಕಾಲೇಜು ಇದನ್ನು ಎಲ್ಲ ವಿದ್ಯಾರ್ಥಿಗಳಿಗೂ ಕಡ್ಡಾಯ ಮಾಡಬೇಕೇ ಎಂಬುದರ ಮೇಲೆ ಚುನಾವಣೆ ನಡೆಯುತ್ತದೆ. ಇಲ್ಲಿ ಗುಪ್ತ ಗಾಯವಿಲ್ಲ, ದುಷ್ಟ ಡಾಕ್ಟರಿಲ್ಲ. ಪರವಾಗಿರುವವರೂ ವಿರೋಧಿಸುವವರೂ ಇಬ್ಬರೂ ಬುದ್ಧಿವಂತರು, ವಿರೋಧಿಗಳ ಹಿಂದೆ ಸೌಂದರ್ಯವರ್ಧಕ ಕಂಪನಿಗಳ ಹಣವಿದೆ. ನಿಮ್ಮ ಮಗಳ ಪ್ರಶ್ನೆಗೆ ಮೋಸವಿಲ್ಲದೆ ಎದುರು ನಿಂತ ಕಥೆ ನನಗೆ ಇದೊಂದೇ ಎನಿಸುತ್ತದೆ. ಅದು ತೀರ್ಪು ಕೊಡುವುದಿಲ್ಲ. ಹದಿನಾರರ ವಯಸ್ಸಿಗೆ ಅದು ಸ್ವಲ್ಪ ಕಿರಿಕಿರಿ ಮಾಡಬಹುದು.

ನನ್ನ ಸ್ವಂತ ಉತ್ತರ ಹೀಗಿದೆ. ಚೆಂದವಾಗುವುದು ತಪ್ಪಲ್ಲ, ಚೆಂದವಾಗಬೇಕೆಂಬ ಆಸೆಯೂ ತಪ್ಪಲ್ಲ. ಮುಖವನ್ನು ವೈದ್ಯರ ಕೈಗೆ ಕೊಡುವುದೇ ಪಾಪವೆಂದು ವಾದಿಸುವವರಿಗೆ ಪುಣೆಯ ಒಂದು ಘಟನೆಯನ್ನು ನೆನಪಿಸಬೇಕು. ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸಜಿ ಎಂಬವನು ಟಿಪ್ಪುವಿನೊಡನೆ ನಡೆದ ಯುದ್ಧದಲ್ಲಿ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡಿದ್ದ. ಪುಣೆಯ ಬಳಿ ದೇಸಿ ವೈದ್ಯನೊಬ್ಬ ಅವನ ಹಣೆಯ ಚರ್ಮವನ್ನು ಬಿಡಿಸಿ, ತಿರುವಿ ಇಳಿಸಿ, ಹೊಸ ಮೂಗು ಕಟ್ಟಿಕೊಟ್ಟ. ಅಲ್ಲಿದ್ದ ಇಂಗ್ಲಿಷ್ ವೈದ್ಯರು ಕಂಡ ಈ ಸಂಗತಿ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಚಿತ್ರದೊಡನೆ ಅಚ್ಚಾಯಿತು, ಅದನ್ನು ಆಧರಿಸಿ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ಶಸ್ತ್ರಚಿಕಿತ್ಸೆ ಮಾಡಿದರು. ಇಂದಿನ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆ ಈ ಮೂಗನ್ನು ಬಿಟ್ಟು ಬರೆಯಲಾಗದು. ಕಾವಸಜಿ ತನಗೆ ಬೇಕಾದ ಮೂಗನ್ನು ಮರಳಿ ಪಡೆದ. ಯಾವ ಸಮಿತಿಯ ನಮೂನೆಯನ್ನೂ ಹಚ್ಚಿಕೊಳ್ಳಲಿಲ್ಲ. ಆದ್ದರಿಂದ ಕೇಳಬೇಕಾದದ್ದು “ಚೆಂದ ಒಳ್ಳೆಯದೋ ಕೆಟ್ಟದ್ದೋ” ಎಂದಲ್ಲ. ಅಳತೆಯ ಟೇಪು ಯಾರ ಕೈಯಲ್ಲಿದೆ, ಅವರಿಗೆ ಅದರಿಂದ ಏನು ಲಾಭ, ಬೇಡವೆಂದರೆ ಬಿಡುತ್ತಾರೆಯೇ ಎಂಬುದು ಪ್ರಶ್ನೆ. ಟ್ಯಾಲಿಯ ನಗರದಲ್ಲಿ ಚೆಂದ ಪುಕ್ಕಟೆ ನಿಜ, ನಿರಾಕರಣೆ ಪುಕ್ಕಟೆಯಲ್ಲ. ಸ್ಮೋಕ್‌ಗೆ ಓಡಿಹೋದ ಗೆಳತಿ ಶೇಯನ್ನು ಹಿಡಿದುಕೊಡದಿದ್ದರೆ ಸಾಯುವವರೆಗೂ ಕುರೂಪಿಯಾಗಿಯೇ ಇರು ಎಂದು ಆಳುವವರ ಗುಪ್ತ ದಳದ ಮುಖ್ಯಸ್ಥೆ ಡಾಕ್ಟರ್ ಕೇಬಲ್ ಟ್ಯಾಲಿಯನ್ನು ಬೆದರಿಸುವುದು ಇದೇ ಕಾರಣಕ್ಕೆ ಸಾಧ್ಯವಾಗುತ್ತದೆ.

ನಮ್ಮಲ್ಲಿ ಅಂಥ ಸಮಿತಿಯಿಲ್ಲ, ಕಾನೂನಿಲ್ಲ ಎಂದು ಅವಳು ವಾದಿಸಬಹುದು. ಈಚಿನ ಹದಿಹರೆಯದ ಕಾದಂಬರಿಗಳು ಇದಕ್ಕೇ ಸರ್ಕಾರವನ್ನು ಹಿಂದಕ್ಕೆ ಸರಿಸಿ ಮಾರುಕಟ್ಟೆಯನ್ನೂ ಗಂಡಿನ ಕಣ್ಣನ್ನೂ ಮುಂದಕ್ಕೆ ತಂದಿವೆ. ಐರ್ಲೆಂಡಿನ ಲೂಯಿಸ್ ಓನೀಲ್ ಅವರ ‘ಓನ್ಲಿ ಎವರ್ ಯುವರ್ಸ್’ (2014) ಹುಡುಗಿಯರನ್ನು ಶಾಲೆಯಲ್ಲಿ ಸಾಕಿ, ಅಂದದ ಮೇಲೆ ಕ್ರಮಾಂಕ ಹಾಕಿ, ಹದಿನಾರಕ್ಕೆ ಗಂಡಸರಿಗೆ ಹಂಚುವ ಲೋಕದ್ದು. ಅಮೆರಿಕದ ಧೋನಿಯೆಲ್ ಕ್ಲೇಟನ್ ಅವರ ‘ದ ಬೆಲ್ಸ್’ (2018)ನಲ್ಲಿ ಜನ ಬೂದುಬಣ್ಣದವರಾಗಿ ಹುಟ್ಟಿ, ಹಣ ತೆತ್ತು ಬಣ್ಣವನ್ನೂ ಮೈಕಟ್ಟನ್ನೂ ಮತ್ತೆ ಮತ್ತೆ ಕೊಳ್ಳುತ್ತಿರಬೇಕು. ಎರಡನೆಯದನ್ನು ಓದುವಾಗ ಮುಂಬಯಿಯವರಿಗೆ ನೆನಪಾಗಬೇಕಾದ ಚರಿತ್ರೆ ಒಂದಿದೆ. ಈ ನಗರದಲ್ಲಿ ಕಚೇರಿಯಿರುವ ಹಿಂದೂಸ್ತಾನ್ ಲಿವರ್ 1975ರಲ್ಲಿ ‘ಫೇರ್ ಅಂಡ್ ಲವ್ಲಿ’ಯನ್ನು ಮಾರುಕಟ್ಟೆಗೆ ತಂದಿತು. ಬಣ್ಣ ತಿಳಿಯಾಯಿತು, ಕೆಲಸ ಸಿಕ್ಕಿತು, ವರ ಸಿಕ್ಕ ಎಂಬ ಕಥೆಯನ್ನು ಅದರ ಜಾಹೀರಾತುಗಳು ದಶಕಗಳ ಕಾಲ ಹೇಳಿದವು. ಜಾಹೀರಾತು ಸಂಸ್ಥೆಗಳ ಸ್ವನಿಯಂತ್ರಣ ಮಂಡಳಿ 2014ರಲ್ಲಿ ಕಪ್ಪು ಬಣ್ಣದವರನ್ನು ದುಃಖಿಗಳೆಂದೋ ಸೋತವರೆಂದೋ ತೋರಿಸಬಾರದೆಂದು ಸೂಚನೆ ಹೊರಡಿಸಿತು. 2020ರಲ್ಲಿ ಕ್ರೀಮಿನ ಹೆಸರಿನಿಂದ ‘ಫೇರ್’ ಹೋಗಿ ‘ಗ್ಲೋ’ ಬಂತು. ಅದೇ ವರ್ಷ ಶಾದಿ ಡಾಟ್ ಕಾಮ್ ಮೈಬಣ್ಣದ ಮೇಲೆ ಸಂಬಂಧ ಹುಡುಕುವ ಸೌಲಭ್ಯವನ್ನು ತೆಗೆದುಹಾಕಿತು. ನಲವತ್ತೈದು ವರ್ಷ ಯಾರೂ ಕಾನೂನು ಮಾಡಿರಲಿಲ್ಲ, ಟ್ಯೂಬು ಮಾತ್ರ ಪ್ರತಿ ಮನೆಯ ಕನ್ನಡಿಯ ಮುಂದಿತ್ತು.

ನಮ್ಮ ಕನ್ನಡಿಗರ ಸಂಘಗಳು ಇದರಿಂದ ಹೊರತಲ್ಲ. ಉಪನಗರಗಳಲ್ಲಿ ನಡೆಯುವ ವಧೂವರರ ಸಮಾವೇಶಗಳಿಗೆ ಹೋದವರು ಮೇಜಿನ ಮೇಲೆ ಹರಡಿದ ಬಯೋಡೇಟಾ ಫೈಲುಗಳನ್ನು ನೋಡಿರುತ್ತೀರಿ. ಹುಡುಗಿಯರ ಫೋಟೋಗಳನ್ನು ಒಂದಾದ ಮೇಲೊಂದು ತಿರುವುತ್ತ ಹೋಗಿ. ಸ್ಟುಡಿಯೋದವನು ಎಲ್ಲರ ಗಲ್ಲದ ಮೇಲೂ ಒಂದೇ ಬಗೆಯ ಹೊಳಪು ಹಚ್ಚಿ, ಕಣ್ಣ ಕೆಳಗಿನ ಕಪ್ಪನ್ನು ಒರೆಸಿ, ಮಚ್ಚೆ ಅಳಿಸಿರುತ್ತಾನೆ. ಹತ್ತು ಪುಟ ತಿರುವುವುದರಲ್ಲಿ ಕಾರ್ಕಳದವಳಾರು, ಕಾರವಾರದವಳಾರು, ಸೊಲ್ಲಾಪುರದಿಂದ ಬಂದವಳಾರು ಎಂಬುದು ತಿಳಿಯದಾಗುತ್ತದೆ. ಕೆಳಗೆ ‘ಗೋಧಿ ಬಣ್ಣ’, ‘ಎಣ್ಣೆಗೆಂಪು’ ಎಂಬ ಸಾಲು. ಪಕ್ಕದಲ್ಲಿ ನಿಂತ ಹಿರಿಯರೊಬ್ಬರು “ಕಪ್ಪಾದರೂ ಲಕ್ಷಣವಾಗಿದ್ದಾಳೆ” ಎನ್ನುತ್ತಾರೆ, ಅದನ್ನು ಹೊಗಳಿಕೆಯೆಂದೇ ತಿಳಿದು. ಗಂಡುಗಳ ಫೈಲಿನಲ್ಲಿ ಸಂಬಳದ ಸಾಲು ಮೊದಲು ಬರುತ್ತದೆ. ಸಮಿತಿ ಎಲ್ಲಿದೆ ಎಂದು ನಿಮ್ಮ ಮಗಳು ಕೇಳಿದರೆ ಇಂಥ ಒಂದು ಮೇಜಿನ ಮುಂದೆ ನಿಲ್ಲಿಸಬಹುದು. ಅದರ ಸದಸ್ಯರಲ್ಲಿ ನೀವೂ ನಾನೂ ಇದ್ದೇವೆ ಎಂಬುದನ್ನು ಅವಳು ನಾವು ಹೇಳದೆಯೇ ಕಂಡುಕೊಳ್ಳುತ್ತಾಳೆ.

ಕನ್ನಡದಲ್ಲಿ ಏನಿದೆ ಎಂದು ಕೇಳಿದ್ದೀರಿ. ನಮ್ಮಲ್ಲಿ ಈ ಪ್ರಶ್ನೆ ಭವಿಷ್ಯದ ನಗರಗಳಿಂದ ಬಂದಿಲ್ಲ, ಪುರಾಣ ಕಾವ್ಯಗಳ ದಾರಿಯಿಂದ ಬಂದಿದೆ. ಗಿರೀಶ ಕಾರ್ನಾಡರ ‘ಹಯವದನ’ವನ್ನು ನಾನು ಮೊದಲು ಹೇಳುತ್ತೇನೆ. 1971ರಲ್ಲಿ ಪ್ರಕಟವಾದ ಈ ನಾಟಕ ಬೇತಾಳನ ಕಥೆಯಿಂದ ಹೊರಟದ್ದು. ಮುಂಬಯಿಯಲ್ಲಿ ಸತ್ಯದೇವ ದುಬೆ ಹಿಂದಿಯಲ್ಲಿ ಆಡಿಸಿದ್ದರು. ದೇವದತ್ತನಿಗೆ ಬುದ್ಧಿಯ ತಲೆ, ಕಪಿಲನಿಗೆ ಕಟ್ಟುಮಸ್ತಾದ ಮೈ. ಕಾಳಿಯ ಗುಡಿಯಲ್ಲಿ ಕಡಿದುಬಿದ್ದ ತಲೆಗಳನ್ನು ಪದ್ಮಿನಿ ಅದಲುಬದಲು ಮಾಡಿ ಜೋಡಿಸಿದಾಗ ಅವಳಿಗೆ ಬೇಕಾದ ಗಂಡು ಸಿಕ್ಕೇ ಬಿಡುತ್ತಾನೆ: ದೇವದತ್ತನ ತಲೆ, ಕಪಿಲನ ಮೈ. ಇದಕ್ಕಿಂತ ಒಳ್ಳೆಯ ಶಸ್ತ್ರಚಿಕಿತ್ಸೆ ಯಾವ ನಗರದಲ್ಲೂ ಆಗದು. ದಿನ ಕಳೆದಂತೆ ವ್ಯಾಯಾಮ ಬಿಟ್ಟ ಆ ಮೈ ತಲೆಗೆ ತಕ್ಕಂತೆ ಮೆತ್ತಗಾಗುತ್ತದೆ, ಇನ್ನೊಂದು ಕಡೆ ಕಾಡು ಸೇರಿದ ಮೈ ಗಟ್ಟಿಯಾಗುತ್ತದೆ. ಪರಿಪೂರ್ಣ ಗಂಡು ಕೈಜಾರಿಹೋಗುತ್ತಾನೆ. ನಾಟಕದ ಚೌಕಟ್ಟಿನಲ್ಲಿ ಬರುವ ಕುದುರೆಮುಖದ ಹಯವದನನಿಗೂ ಪೂರ್ಣ ಮನುಷ್ಯನಾಗುವ ಹಟ. ದೇವಿ ಅವನನ್ನು ಪೂರ್ಣ ಕುದುರೆ ಮಾಡುತ್ತಾಳೆ. ಹಾಸ್ಯ ತುಂಬಿದ ನಾಟಕವಾದರೂ ಗಂಡುಹೆಣ್ಣಿನ ಆಸೆಯ ಮಾತು ಬಿಚ್ಚಾಗಿಯೇ ಇದೆ. ಹತ್ತನೆಯ ತರಗತಿ ಮುಗಿಸಿದವಳು ಧಾರಾಳವಾಗಿ ಓದಬಹುದು.

ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದ ‘ಮಮತೆಯ ಸುಳಿ ಮಂಥರೆ’ ಎಂಬ ಸಂಚಿಕೆಯನ್ನು ನೀವೇ ಓದಿ ಹೇಳಬೇಕಾದೀತು, ಭಾಷೆ ಅವಳಿಗೆ ಬಿಗಿ. ಗೂನುಬೆನ್ನಿನ ಮಂಥರೆ ಅಲ್ಲಿ ಕೇಡಿಗಳ ಪಟ್ಟಿಯ ಒಂದು ಹೆಸರಲ್ಲ. ಊರೆಲ್ಲ ಅಸಹ್ಯಪಟ್ಟ ಮೈಯೊಳಗೆ ಪ್ರೀತಿ ಹೋಗಲು ಬೇರೆ ದಾರಿಯಿಲ್ಲದೆ ಒಂದೇ ಕಡೆ ಸುತ್ತಿ ಸುಳಿಯಾದ ಹೆಂಗಸು. ರೂಪದ ಕಾರಣಕ್ಕೆ ಒಬ್ಬರನ್ನು ಹೊರಗಿಟ್ಟ ಮನೆ ಅದರ ಬೆಲೆಯನ್ನು ಹೇಗೆ ತೆರುತ್ತದೆ ಎಂಬುದನ್ನು ಅಷ್ಟು ಅಂತಃಕರಣದಿಂದ ಬರೆದದ್ದು ಇಂಗ್ಲಿಷಿನ ಈ ಕಾದಂಬರಿಗಳಲ್ಲಿ ನನಗೆ ಸಿಗಲಿಲ್ಲ. ಜನ್ನನ ‘ಯಶೋಧರ ಚರಿತೆ’ಯಲ್ಲಿ ರಾಣಿ ಅಮೃತಮತಿ ವಿಕಾರರೂಪದ ಮಾವುತನ ಹಾಡಿಗೆ ಮನಸೋಲುವುದೂ, ದೂತಿ ಅವನ ಕುರೂಪವನ್ನು ಅಂಗಾಂಗವಾಗಿ ಎಣಿಸಿ ಹೇಳಿದರೂ ರಾಣಿ ಕೇಳದಿರುವುದೂ ಇದೇ ಚರ್ಚೆಗೆ ಸೇರುತ್ತವೆ. ಆದರೆ ಆ ಕಥೆ ಕೊಲೆಗೂ ಜನ್ಮಾಂತರಗಳಿಗೂ ಹೋಗುವುದರಿಂದ ಅದನ್ನು ಕಾಲೇಜಿಗೆ ಬಿಡಿ.

ವಯಸ್ಸಿನ ವಿಷಯ. ‘ಅಗ್ಲೀಸ್’ ಸರಣಿಯಲ್ಲಿ ಹದಿನೈದರವರಿಗೆ ಹೇಳಬಾರದ್ದೇನೂ ಇಲ್ಲ. ಎರಡನೆಯ ಮತ್ತು ಮೂರನೆಯ ಭಾಗಗಳಲ್ಲಿ ಕೆಲವರು ಎಚ್ಚರವಾಗಿರಲೆಂದು ಮೈಯನ್ನು ಕೊಯ್ದುಕೊಳ್ಳುವ ಪ್ರಸಂಗವಿದೆ, ಅವಳು ಅದನ್ನು ಓದುವ ಹೊತ್ತಿಗೆ ನೀವೂ ಓದಿರುವುದು ಒಳ್ಳೆಯದು. ‘ಓನ್ಲಿ ಎವರ್ ಯುವರ್ಸ್’ ಊಟ ಬಿಡುವ ಕಾಯಿಲೆಯನ್ನೂ ಲೈಂಗಿಕ ಶೋಷಣೆಯನ್ನೂ ನಿರ್ದಯವಾಗಿ ತೋರಿಸುವುದರಿಂದ ಅದು ಹದಿನೇಳು ಹದಿನೆಂಟಕ್ಕೆ ಇರಲಿ. ಊಟ, ತೂಕ, ಕನ್ನಡಿ ಇವುಗಳ ಬಗ್ಗೆ ಮಗಳು ಈಗಾಗಲೇ ಅತಿಯಾಗಿ ಚಿಂತಿಸುತ್ತಿದ್ದರೆ ಪುಸ್ತಕಕ್ಕಿಂತ ಮೊದಲು ವೈದ್ಯರನ್ನೋ ಆಪ್ತ ಸಮಾಲೋಚಕರನ್ನೋ ಕಾಣಿ, ಕಾದಂಬರಿ ಮದ್ದಲ್ಲ.

2024ರ ಸೆಪ್ಟೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಅಗ್ಲೀಸ್’ ಚಿತ್ರವನ್ನು ಪುಸ್ತಕಗಳಾದ ಮೇಲೆ ನೋಡಲಿ. ಅದರಲ್ಲಿ ‘ಕುರೂಪಿ’ಗಳ ಪಾತ್ರಗಳಿಗೆಲ್ಲ ತಿದ್ದಿ ತೀಡಿದಂತಿರುವ ಇಪ್ಪತ್ತು ದಾಟಿದ ನಟನಟಿಯರೇ ಇದ್ದಾರೆ, ಟ್ಯಾಲಿಯಾಗಿರುವ ಜೋಯಿ ಕಿಂಗ್ ಮುಖದಲ್ಲಿ ಕೊರತೆ ಹುಡುಕಲು ಪ್ರೇಕ್ಷಕರೇ ಕಷ್ಟಪಡಬೇಕು. ಅಕ್ಷರದಲ್ಲಿ ‘ಸಾಮಾನ್ಯ ಮುಖ’ ಎಂದರೆ ಓದುವ ಹುಡುಗಿ ಅಲ್ಲಿ ತನ್ನ ಮುಖವನ್ನೇ ಇಟ್ಟುಕೊಳ್ಳುತ್ತಾಳೆ. ತೆರೆಯ ಮೇಲೆ ಅದೇ ಜಾಗದಲ್ಲಿ ತಾರೆಯೊಬ್ಬಳು ನಿಂತು ತಾನು ಕುರೂಪಿ ಎಂದಾಗ, ಹಾಗಾದರೆ ನಾನೇನು ಎಂಬ ಪ್ರಶ್ನೆ ಸೋಫಾದಲ್ಲಿ ಕುಳಿತವಳಿಗೆ ಏಳುತ್ತದೆ. ಚಿತ್ರ ಮಾಡಿದವರು ಟೀಕಿಸಲು ಹೊರಟ ಸಮಿತಿಯೇ ನಟವರ್ಗವನ್ನು ಆರಿಸಿದಂತಿದೆ ಎಂದು ನಿಮ್ಮ ಮಗಳು ತಾನಾಗಿ ಗಮನಿಸಿದರೆ, ನನ್ನ ಈ ಉದ್ದದ ಉತ್ತರದ ಅರ್ಧ ಅವಳಿಗೆ ಬೇಕಾಗುವುದಿಲ್ಲ.

ಹಾರ್ಟ್ಲಿ ಪುಸ್ತಕವನ್ನು ಫ್ಲೋರಾ ಫೌಂಟನ್ ಸುತ್ತಲಿನ ಪಾದಚಾರಿ ಪುಸ್ತಕದಂಗಡಿಗಳಲ್ಲಿ ಕೇಳಿ ನೋಡಿ. ಚಿಯಾಂಗ್ ಕಥೆ ಅವರ ಮೊದಲ ಸಂಕಲನ ‘ಸ್ಟೋರೀಸ್ ಆಫ್ ಯುವರ್ ಲೈಫ್ ಅಂಡ್ ಅದರ್ಸ್’ನಲ್ಲಿದೆ, ಅದು ಸುಲಭವಾಗಿ ದೊರೆಯುತ್ತದೆ. ಚಿಯಾಂಗ್ ಕಥೆಯನ್ನು ಮಾತ್ರ ನೀವಿಬ್ಬರೂ ಒಂದೇ ವಾರ ಓದಿ, ಆ ಕಾಲೇಜಿನ ಚುನಾವಣೆಯಲ್ಲಿ ಯಾರು ಯಾವ ಕಡೆ ಓಟು ಹಾಕುತ್ತೀರೆಂದು ಚೀಟಿಯಲ್ಲಿ ಬರೆದುಕೊಂಡು ಆಮೇಲೆ ಮಾತಿಗೆ ಕುಳಿತುಕೊಳ್ಳಿ.